ಅಲುಗಾಡದ ದೀಪ

ಪ್ರಶ್ನೆ: ರಾತ್ರಿ ಕಾಫಿ ಕಣದಲ್ಲಿ ಕಾವಲಿಗೆ ಮಲಗಿದ್ದೆ. ಎರಡು ವಿಮಾನದ ದೀಪಗಳು ಇನ್ನೇನು ತಾಗಿದವು ಅನಿಸಿತು. ದೊಡ್ಡ ವಿಮಾನಕ್ಕೆ ಸಣ್ಣದು ಕಾಣದೇ ಹೋಗುತ್ತಾ ಸಾರ್?
– ಓದುಗರು, ಮೂಡಿಗೆರೆ

ಉತ್ತರ: ಮುಳ್ಳಯ್ಯನಗಿರಿ ದಾರಿಯಲ್ಲಿ ನಾನೂ ಒಮ್ಮೆ ಹೀಗೇ ಬೆಚ್ಚಿದ್ದೆ. ಎರಡರ ನಡುವೆ ಸಾವಿರ ಅಡಿ ಅಂತರವಿದ್ದರೂ ಕೆಳಗಿನಿಂದ ನಮಗೆ ತಿಳಿಯೋದಿಲ್ಲ. ಆದರೆ ಸಣ್ಣದು ಕಾಣದೇ ಹೋಗೋದು ನಿಜ. ಊರಿನ ದೀಪಗಳ ನಡುವೆ ಅದರ ದೀಪ ಬೆರೆತುಬಿಡುತ್ತದೆ. ಪೈಲಟ್ ಗಾಜಿನಲ್ಲಿ ಪಕ್ಕಕ್ಕೆ ಸರಿಯುವ ದೀಪಕ್ಕೆ ಅಷ್ಟು ಹೆದರಬೇಕಿಲ್ಲ. ಒಂದೇ ಕಡೆ ಅಂಟಿಕೊಂಡದ್ದೇ ಡಿಕ್ಕಿಯ ದಾರಿಯಲ್ಲಿರೋದು. ಅದೋ, ಸುಮ್ನೆ ನಕ್ಷತ್ರದ ಹಾಗೆ ಕಾಣುತ್ತದೆ! ಅದಕ್ಕೇ ದೊಡ್ಡ ವಿಮಾನಗಳಲ್ಲಿ ‘ಏರು’, ‘ಇಳಿ’ ಎಂದು ಕೂಗಿ ಡಿಕ್ಕಿ ತಪ್ಪಿಸುವ ಟಿಕ್ಯಾಸ್ ಯಂತ್ರವಿದೆ. 1996ರಲ್ಲಿ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 349 ಜನ ಸತ್ತ ಮೇಲೆ ನಮ್ಮಲ್ಲಿ ಕಡ್ಡಾಯವಾಯಿತು. ಸಣ್ಣದರ ಟ್ರಾನ್ಸ್‌ಪಾಂಡರ್, ಅಂದರೆ ತಾನಿರೋದನ್ನು ರೇಡಿಯೋ ಸಂಕೇತದಲ್ಲಿ ತಿಳಿಸುವ ಸಾಧನ, ಆಫ್ ಆಗಿದ್ದರೆ ಮಾತ್ರ ಆ ಯಂತ್ರವೂ ಕುರುಡೇ.