ಗೋವಾದ 1066 ಅಚ್ಚಿನ ತಪ್ಪಲ್ಲ

ವಾಸ್ಕೋ ಸಂಘದ ಸಂಚಿಕೆಗೆ ಗ್ರಾಫ್ ಮಾಡುತ್ತಿದ್ದೀರಿ, ಜನಗಣತಿಯಲ್ಲಿ ಗೋವಾದ ಲಿಂಗಾನುಪಾತ (1000 ಗಂಡಸರಿಗೆ ಎಷ್ಟು ಹೆಂಗಸರು ಎಂಬ ಲೆಕ್ಕ) 1961ರಲ್ಲಿ 1066 ಇದ್ದದ್ದು 1971ಕ್ಕೆ 981 ಆಗಿದೆ, ಇದು ತಪ್ಪೇ ಎಂದು ಕೇಳಿದ್ದೀರಿ. ತಪ್ಪಲ್ಲ, ವಲಸೆ. ಪೋರ್ಚುಗೀಸರ ಕಾಲದಲ್ಲಿ ಗಂಡಸರು ದುಡಿಮೆಗೆಂದು ಮುಂಬೈಗೆ, ಆಫ್ರಿಕಾಕ್ಕೆ, ಹಡಗಿಗೆ ಹೋಗುತ್ತಿದ್ದರು. ಊರಲ್ಲಿ ಉಳಿದವರು ಹೆಂಗಸರು. 1961ರ ವಿಮೋಚನೆಯ ನಂತರ ಗಣಿ, ಬಂದರು, ಕಟ್ಟಡ ಕೆಲಸಕ್ಕೆ ಹೊರಗಿನ ಗಂಡಾಳುಗಳು ಬಂದರು. ನಮ್ಮ ಉತ್ತರ ಕರ್ನಾಟಕದವರೂ ಅದರಲ್ಲಿ ಕಡಿಮೆಯೇನಿಲ್ಲ!

ನಿಮ್ಮ ಗ್ರಾಫಿನ ಶೀರ್ಷಿಕೆ 'ಶೇಕಡಾ ಪಾಲು' ಆದ್ದರಿಂದ ಅನುಪಾತವನ್ನು ಜನಸಂಖ್ಯೆಯಲ್ಲಿ ಹೆಂಗಸರ ಶೇಕಡಾ ಪಾಲಾಗಿ ಪರಿವರ್ತಿಸಲೇಬೇಕು. ಅನುಪಾತವನ್ನು, ಅದಕ್ಕೆ 1000 ಕೂಡಿಸಿ ಬಂದ ಮೊತ್ತದಿಂದ ಭಾಗಿಸಿ, 100ರಿಂದ ಗುಣಿಸಿ. 1066 ಅಂದರೆ 51.6, 981 ಅಂದರೆ 49.5. ದೇಶದ ಲೆಕ್ಕ: 1901ರ 972ಕ್ಕೆ 49.3, 1991ರ 927ಕ್ಕೆ 48.1, 2011ರ 943ಕ್ಕೆ 48.5. ಗೆರೆ ಬಹುತೇಕ ಚಪ್ಪಟೆಯಾಗಿ ಕಾಣುತ್ತದೆ. ಅದಕ್ಕೇ ಲಂಬ ಅಕ್ಷವನ್ನು 45ರಿಂದ ಶುರುಮಾಡಿ, ಹಾಗೆ ಮಾಡಿದ್ದೇವೆಂದು ಕೆಳಗೆ ಬರೆಯಿರಿ.

ಮುಂಬೈ ಸೇರಿಸುವುದಾದರೆ 2011ರ ನಗರ ಜಿಲ್ಲೆಯ 832 ಮತ್ತು ಉಪನಗರ ಜಿಲ್ಲೆಯ 860 ಕೂಡಿಸಿ ಎರಡರಿಂದ ಭಾಗಿಸಬೇಡಿ. ಉಪನಗರದ ಜನಸಂಖ್ಯೆ ನಗರದ ಸುಮಾರು ಮೂರು ಪಟ್ಟು. ಎರಡೂ ಜಿಲ್ಲೆಗಳ ಹೆಂಗಸರ, ಗಂಡಸರ ತಲೆಎಣಿಕೆಯನ್ನು ಬೇರೆಬೇರೆಯಾಗಿ ಕೂಡಿಸಿ ಆಮೇಲೆ ಭಾಗಿಸಿ.

ಇನ್ನು ದೇಶದ ಲಿಂಗಾನುಪಾತ 1020 ಎಂಬ ಅಂಕಿ. ಅದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯದು. ಆಯ್ದ ಮನೆಗಳಲ್ಲಿ ಹಿಂದಿನ ರಾತ್ರಿ ತಂಗಿದ್ದವರನ್ನಷ್ಟೇ ಅದು ಎಣಿಸುತ್ತದೆ. ಕೆಲಸಕ್ಕೆ ಹೋಗಿ ಬ್ಯಾರಕ್ಕು, ಹಾಸ್ಟೆಲ್ಲಿನಲ್ಲಿರುವ ಗಂಡಸರು ಬಿಟ್ಟುಹೋಗುತ್ತಾರೆ. ಜನಗಣತಿಯ ಗೆರೆಗೆ ಅದನ್ನು ಅಂಟಿಸಿದರೆ ಇಲ್ಲದ ಏರಿಕೆ ಕಾಣಿಸುತ್ತದೆ. ವಿಶ್ವಸಂಸ್ಥೆಯ ಕೋಷ್ಟಕವೂ ತಿರುಗಾಮುರುಗ: ಅಲ್ಲಿ 100 ಹೆಣ್ಣಿಗೆ ಎಷ್ಟು ಗಂಡು ಎಂಬ ಲೆಕ್ಕ.