ಆಗಮನ ಕಾಲದಲ್ಲಿ ಗುಂಪಿನ ಜಗಳ: ಪ್ರೀತಿ ಎಂದರೆ ಸುಮ್ಮನಿರುವುದೇ?

ಕ್ರಿಸ್‌ಮಸ್ ಹಾಡುಗಳು ಕೊಂಕಣಿಯಲ್ಲಿರಬೇಕೋ ಕನ್ನಡದಲ್ಲಿರಬೇಕೋ ಎಂಬ ವಿಷಯಕ್ಕೆ ನಿಮ್ಮ ಇಗರ್ಜಿಯ (ಚರ್ಚಿನ) ವಾಟ್ಸ್‌ಆ್ಯಪ್ ಗುಂಪು ಎರಡು ಪಂಗಡವಾಗಿದೆ; ಪ್ರೀತಿಯ ಹೆಸರಿನಲ್ಲಿ ಸುಮ್ಮನಿರಬೇಕೇ, ಇಲ್ಲವೇ ಗುಂಪನ್ನೇ ಬಿಡಬೇಕೇ ಎಂದು ಕೇಳಿದ್ದೀರಿ. ನಾನು ಕಾರವಾರದ ಕಥೋಲಿಕ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಎಂಬಂತೆ ಬೆಳೆದ ನಮ್ಮ ಕರಾವಳಿಯವರಿಗೆ ಈ ತಕರಾರು ಹೊಸದಲ್ಲ. ಹಿಂದೆ ಅದು ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಡೆದು ಅಲ್ಲಿಯೇ ತಣ್ಣಗಾಗುತ್ತಿತ್ತು. ಈಗ ಅಂಗಳದಲ್ಲಿ ಇಲ್ಲದವರೂ ಮರುದಿನ ಅದನ್ನು ಓದಿ ನೊಂದುಕೊಳ್ಳುತ್ತಾರೆ.

ಸುಮ್ಮನಿರುವುದೇ ಪ್ರೀತಿ ಎಂಬುದನ್ನು ನಾನು ಒಪ್ಪುವುದಿಲ್ಲ. ಕ್ರಿಸ್‌ಮಸ್‌ಗೆ ಸಿದ್ಧರಾಗುವ ನಾಲ್ಕು ಭಾನುವಾರಗಳ ಆಗಮನ ಕಾಲದ ಎರಡನೆಯ ಭಾನುವಾರ ಪ್ರತಿವರ್ಷವೂ ನಾವು ಕೇಳುವುದು ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೊವಾನ್ನನ ವೃತ್ತಾಂತವನ್ನು. ಬೈಬಲಿನ ಮತ್ತಾಯನ ಶುಭಸಂದೇಶದಲ್ಲಿ ಅವನು ಯೆಹೂದ್ಯರ ಒಂದು ಧಾರ್ಮಿಕ ಪಂಗಡವಾದ ಫರಿಸಾಯರನ್ನು ಸರ್ಪಸಂತತಿ ಎಂದೇ ಕರೆಯುತ್ತಾನೆ. ಆದರೆ ಅವರು ಜೋರ್ಡಾನ್ ನದಿಗೆ ಬಂದು ಅವನ ಎದುರಿಗೇ ನಿಂತಿದ್ದರು. ಬೆನ್ನ ಹಿಂದೆ ಫಾರ್ವರ್ಡ್ ಮಾಡಿದ ಮಾತಿಗೆ ಅವನ ನಿಷ್ಠುರತೆಯನ್ನು ಆಧಾರವಾಗಿ ಹಿಡಿಯಲು ಬರುವುದಿಲ್ಲ.

ಗುಲಾಬಿ ಬಣ್ಣದ ಮೇಣದಬತ್ತಿ ಹೊತ್ತಿಸುವ ಮೂರನೆಯ ಭಾನುವಾರದ ವಿಷಯ ಇನ್ನೂ ಸ್ವಾರಸ್ಯಕರವಾದುದು. ಸದಾ ಆನಂದಿಸಿರಿ ಎಂಬ ಆ ದಿನದ ಕರೆ ಸಂತ ಪೌಲನು ಫಿಲಿಪ್ಪಿ ಊರಿನ ಕ್ರೈಸ್ತ ಸಭೆಯವರಿಗೆ ಬರೆದ ಪತ್ರದ 4ನೇ ಅಧ್ಯಾಯದ 4ನೇ ವಚನದಿಂದ ಬಂದದ್ದು. ಎರಡು ವಚನ ಹಿಂದೆ ಹೋದರೆ ಅಲ್ಲೊಂದು ಜಗಳವೇ ಇದೆ: ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಂಗಸರು ಒಮ್ಮನಸ್ಸಿನಿಂದಿರಬೇಕೆಂದು ಪೌಲನು ಬೇಡಿಕೊಳ್ಳುತ್ತಾನೆ. ಸಭೆಗೇ ಬರೆದ ಪತ್ರದಲ್ಲಿ ಅವರ ಹೆಸರೆತ್ತಿದ್ದು ನಿಜ, ಆದ್ದರಿಂದ ಬಹಿರಂಗ ಮಾತೆಲ್ಲ ತಪ್ಪು ಎಂದು ನಾನು ವಾದಿಸಲಾರೆ. ಆದರೆ ಅವನು ಜಗಳ ಯಾವುದೆಂದು ಹೇಳುವುದಿಲ್ಲ, ಸರಿ ಯಾರದೆಂದು ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ ಬೇರೆಬೇರೆಯಾಗಿ ಬೇಡಿಕೊಂಡು, ಶುಭಸಂದೇಶಕ್ಕಾಗಿ ತನ್ನೊಡನೆ ದುಡಿದವರು ಇವರು ಎಂದು ನೆನಪಿಸಿ, ಅವರಿಗೆ ನೆರವಾಗುವಂತೆ ಒಬ್ಬ ಸಹೋದ್ಯೋಗಿಯನ್ನು ಕೋರುತ್ತಾನೆ. ನಿಮ್ಮ ಗುಂಪಿನ ಅಡ್ಮಿನ್ ಇದನ್ನೊಮ್ಮೆ ಓದಿದರೆ ಒಳ್ಳೆಯದಿತ್ತು.

ನಮ್ಮ ಗಾಯನವೃಂದದಲ್ಲೂ ಇದೇ ವಿಷಯಕ್ಕೆ ಮಾತಿಗೆ ಮಾತು ಬೆಳೆಸಿದ್ದ ಬಾಯಿ ಎಂದು ನಾವು ಕರೆಯುವ ಹಿರಿಯ ಹೆಂಗಸೊಬ್ಬರೂ ಗಿಟಾರ್ ನುಡಿಸುವ ಹುಡುಗನೂ ಇದ್ದರು. ಅಭ್ಯಾಸದ ದಿನ ಹುಡುಗನು ರೋಮನ್ ಲಿಪಿಯ ಕೊಂಕಣಿ ಓದಲು ತಡವರಿಸುವುದನ್ನು ಕಂಡು ಬಾಯಿಯವರು ಸಾಲುಗಳ ಕೆಳಗೆ ಪೆನ್ಸಿಲಿನಿಂದ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟರು. ಇಬ್ಬರ ಅಭಿಪ್ರಾಯವೂ ಬದಲಾಗಲಿಲ್ಲ, ಹಾಡು ಮಾತ್ರ ನಡೆಯಿತು.

ಹೀಗಾಗಿ ಗುಂಪು ಬಿಡಬೇಡಿ. ಬಿಟ್ಟರೆ ಅದೂ ಒಂದು ಪಂಗಡದ ಘೋಷಣೆಯೆಂದೇ ಎಣಿಸಿಯಾರು. ಭಾಷೆಯ ವಿಷಯವನ್ನು ಪಾದ್ರಿಗಳ ಸಮ್ಮುಖದಲ್ಲಿ ಇಗರ್ಜಿಯ ಪಾಲನಾ ಮಂಡಳಿಯಲ್ಲಿ ಮಾತಾಡೋಣ ಎಂದು ಒಂದೇ ಸಂದೇಶ ಹಾಕಿ. ನಿಮ್ಮ ಮನಸ್ಸಿಗೆ ಹೆಚ್ಚು ನೋವು ಮಾಡಿದವರ ಮನೆಗೆ, ಮತ್ತಾಯ 18:15ರಲ್ಲಿ ಯೇಸು ಹೇಳಿರುವಂತೆ, ಒಬ್ಬರೇ ಹೋಗಿ. ಕ್ರಿಸ್‌ಮಸ್‌ಗೆ ಮುಂಚಿನ ಪಾಪನಿವೇದನೆಯ ದಿನಕ್ಕಿಂತ ಮೊದಲೇ ಹೋದರೆ ಉತ್ತಮ, ಮೊಬೈಲನ್ನು ಮನೆಯಲ್ಲಿಯೇ ಇಟ್ಟು ಹೋದರೆ ಇನ್ನೂ ಉತ್ತಮ.