ಕಿಟ್ ಹಂಚುವ ಮೊದಲು ಫಲಕ ತೂಗುಹಾಕಿ

ಮಳೆಗಾಲದ ಪರಿಹಾರ ಕೆಲಸದ ಬಗ್ಗೆ ಕರಾವಳಿಯಿಂದ ಬಂದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿದ್ದೇವೆ. ಐದೂ ಆಹಾರ ಹಂಚಿಕೆಗೆ ಸಂಬಂಧಿಸಿದವು.

ಪ್ರಶ್ನೆ: ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ದಂಡೆಯ ನಮ್ಮೂರಿನ ತಗ್ಗಿನ ಮನೆಗಳಿಗೆ ನೀರು ನುಗ್ಗುತ್ತದೆ. 180 ಮನೆಗಳಿಗೆ ಒಂದು ವಾರದ ಆಹಾರ ಕಿಟ್ ಕೊಡಲು ನಮ್ಮ ಸ್ವಸಹಾಯ ಸಂಘಗಳ ಒಕ್ಕೂಟ ತಯಾರಾಗಿದೆ. ಹಿಂದಿನ ಸಲ ಪಟ್ಟಿಗೂ ಜಗಳ, ತೂಕಕ್ಕೂ ಜಗಳ. ಈ ಸಲ ಎಲ್ಲಿಂದ ಸರಿಮಾಡೋಣ?
— ಒಕ್ಕೂಟದ ಕಾರ್ಯದರ್ಶಿ, ಕಾರವಾರ ತಾಲ್ಲೂಕು

ಉತ್ತರ: ಪಟ್ಟಿಯಿಂದಲೇ. ಯಾರಿಗೆ ಕೊಡುತ್ತೀರಿ ಎಂಬ ಮಾನದಂಡವನ್ನು ಮೂರೇ ಸಾಲಿನಲ್ಲಿ ಬರೆಯಿರಿ: ಮನೆಯೊಳಗೆ ನೀರು ಬಂದಿದೆ, ದಿನಸಿ ಹಾಳಾಗಿದೆ, ದುಡಿಮೆ ನಿಂತಿದೆ. ಕರಡು ಪಟ್ಟಿಯನ್ನು ಅಂಗನವಾಡಿ, ನ್ಯಾಯಬೆಲೆ ಅಂಗಡಿ ಮತ್ತು ಬಸ್ ನಿಲ್ಲುವ ಜಾಗದಲ್ಲಿ ಅಂಟಿಸಿ ಎರಡು ದಿನ ಬಿಡಿ. ಓದಲು ಬಾರದವರಿಗಾಗಿ ಕನ್ನಡದಲ್ಲೂ ಕೊಂಕಣಿಯಲ್ಲೂ ಒಮ್ಮೆ ಓದಿ ಹೇಳಿ. ಪಟ್ಟಿ ಮಾಡಿದವರೇ ಆಕ್ಷೇಪವನ್ನೂ ಕೇಳಬಾರದು. ಆ ಕೆಲಸಕ್ಕೆ ಬೇರೆ ಮೂವರಿರಲಿ, ಅವರಲ್ಲಿ ಒಬ್ಬರಾದರೂ ನೀರು ನುಗ್ಗಿದ ಮನೆಯವರಾಗಿರಲಿ.

ರೇಷನ್ ಕಾರ್ಡ್ ನೋಡಿ ಪಟ್ಟಿ ಮಾಡಿದರೆ ಕೆಲವರು ಪ್ರತಿ ಸಲವೂ ಬಿಟ್ಟುಹೋಗುತ್ತಾರೆ. ಕಾರ್ಡ್ ಅತ್ತೆಯ ಹೆಸರಲ್ಲಿದ್ದು ಒಲೆ ಬೇರೆಯಾದ ಸೊಸೆ, ಬಾಡಿಗೆಯವರು, ತವರಿಗೆ ಮರಳಿದ ವಿಧವೆ, ಹಾಸಿಗೆ ಹಿಡಿದವರು, ಹೊಳೆಯಾಚೆಯ ನಾಲ್ಕು ಮನೆ, ಇವರದೇ ಸರದಿ ತಪ್ಪುವುದು. ಕಾರ್ಡ್ ನೀರಲ್ಲಿ ಕೊಚ್ಚಿಹೋದವರಿಗೆ ಇಬ್ಬರು ನೆರೆಯವರ ಮಾತು ಅಥವಾ ಆಶಾ ಕಾರ್ಯಕರ್ತೆಯ ಪುಸ್ತಕ ಸಾಕು. ಲೆಕ್ಕವನ್ನು ಕಾರ್ಡಿಗೆ ಇಷ್ಟು ಎಂದು ಮಾಡದೆ ಒಲೆ ನೋಡಿ, ತಲೆ ಎಣಿಸಿ ಮಾಡಿ.

ಎಷ್ಟು ಕೊಡಬೇಕು? ಅಂತರರಾಷ್ಟ್ರೀಯ ಪರಿಹಾರ ಸಂಸ್ಥೆಗಳು ಪಾಲಿಸುವ ಸ್ಫಿಯರ್ ಕೈಪಿಡಿ ಮಕ್ಕಳು, ಮುದುಕರು ಎಲ್ಲರನ್ನೂ ಸೇರಿಸಿ ಸರಾಸರಿ ತಲೆಗೆ ದಿನಕ್ಕೆ 2,100 ಕಿಲೊ ಕ್ಯಾಲೊರಿ ಎನ್ನುತ್ತದೆ. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಶಿಬಿರದಲ್ಲಿರುವ ವಯಸ್ಕರಿಗೆ ಇಟ್ಟಿರುವ ಅಳತೆ 2,400. ಮನೆಗೆ ಕೊಡುವ ಕಿಟ್‌ಗೆ ಮೊದಲನೆಯದನ್ನು ಹಿಡಿಯೋಣ. ಒಬ್ಬರಿಗೆ ದಿನಕ್ಕೆ ಅಕ್ಕಿ 400 ಗ್ರಾಂ, ತೊಗರಿಬೇಳೆ 60, ಎಣ್ಣೆ 30, ಶೇಂಗಾ 25, ಬೆಲ್ಲ ಅಥವಾ ಸಕ್ಕರೆ 20, ಅಯೋಡಿನ್ ಉಪ್ಪು 5 ಗ್ರಾಂ ಹಾಕಿದರೆ ಹೆಚ್ಚುಕಡಿಮೆ 2,100 ಆಗುತ್ತದೆ. ಐದು ಜನರ ಮನೆಗೆ ಏಳು ದಿನಕ್ಕೆ ಅಕ್ಕಿ 14 ಕಿಲೊ, ಬೇಳೆ 2.1 ಕಿಲೊ, ಎಣ್ಣೆ 1 ಕಿಲೊ ಚಿಲ್ಲರೆ. ಒಟ್ಟು ಸುಮಾರು 19 ಕಿಲೊ ಭಾರ. ಇಬ್ಬರಿರುವ ಮನೆಗೂ ಒಂಬತ್ತು ಜನರ ಮನೆಗೂ ಒಂದೇ ಕಿಟ್ ಕೊಟ್ಟಿರಾದರೆ ಜಗಳವನ್ನು ನೀವೇ ಕಟ್ಟಿ ಕೊಟ್ಟಂತೆ. ಕನಿಷ್ಠ ಎರಡು ಅಳತೆಯ ಕಿಟ್ ಮಾಡಿ.

ಅಕ್ಕಿ ಯಾವುದು ಎಂಬುದನ್ನೂ ಕೇಳಿಯೇ ತರಿಸಿ. ಗಂಜಿಗೆ ಕುಚಲಕ್ಕಿಯೇ ಬೇಕೆನ್ನುವ ಮನೆಗೆ ಬೆಳ್ತಿಗೆ (ಕುದಿಸದ ಬಿಳಿ ಅಕ್ಕಿ) ಕೊಟ್ಟರೆ ಅರ್ಧ ಅಂಗಡಿಗೆ ಹೋಗಿ ಮಾರಾಟವಾಗುತ್ತದೆ, ಮತ್ತೆ ‘ಕೊಟ್ಟದ್ದನ್ನು ಮಾರಿಕೊಂಡರು’ ಎಂಬ ದೂರು ಬೇರೆ. ಆದರೆ ಕುಚಲಕ್ಕಿ ಬೇಯಲು ಸೌದೆ ಹೆಚ್ಚು ಬೇಕು. ಸೌದೆಯೆಲ್ಲ ನೆಂದಿರುವ ವಾರದಲ್ಲಿ ಬೆಳ್ತಿಗೆಯೇ ಸಾಕು ಎನ್ನುವವರೂ ಇರುತ್ತಾರೆ. ಹತ್ತು ಮನೆಯ ಹೆಂಗಸರನ್ನು ಕೇಳಿದರೆ ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತದೆ.

ಇನ್ನು ತೂಕ. ಮನೆಗೆ ಸರಾಸರಿ ಐವರೆಂದು ಹಿಡಿದರೆ 180 ಮನೆಗೆ 2,520 ಕಿಲೊ ಅಕ್ಕಿ, ಅಂದರೆ 50 ಕಿಲೊದ 51 ಚೀಲ. ಚೀಲ ಬರುವಾಗ ಗೋಣಿಯನ್ನೂ ಸೇರಿಸಿ 50 ಎಂದು ಲೆಕ್ಕ ಹಿಡಿಯುವುದೇ ಸಾಮಾನ್ಯ ತಪ್ಪು. ಸೆಣಬಿನ ಗೋಣಿಯೇ ಅರ್ಧ ಕಿಲೊಗಿಂತ ಹೆಚ್ಚು ತೂಗುತ್ತದೆ. 51 ಚೀಲಕ್ಕೆ 25 ಕಿಲೊಗೂ ಮೇಲೆ ಖೋತಾ, ಮಿಗಬೇಕಿದ್ದ 30 ಕಿಲೊ ಹೆಚ್ಚುಕಡಿಮೆ ಅಲ್ಲೇ ಹೋಯಿತು. ಬಿಡಿಸಿ ಕಟ್ಟುವಾಗ ಚೆಲ್ಲುವುದೂ ಸೇರಿದರೆ ಕೊನೆಯಲ್ಲಿ ನಿಂತ ಒಂದೆರಡು ಮನೆಗೆ ಅಕ್ಕಿ ಸಾಲದು. ಆದ್ದರಿಂದ 53 ಚೀಲ ತರಿಸಿ, ಉಳಿದದ್ದನ್ನು ರಿಜಿಸ್ಟರಿನಲ್ಲಿ ತೋರಿಸಿ. ಸೇರಿನಲ್ಲಿ ಅಳೆಯುವ ಕೆಲಸ ಬೇಡ, ಕೈ ಬದಲಾದರೆ ಸೇರಿನ ರಾಶಿಯೂ ಬದಲಾಗುತ್ತದೆ. ಮುದ್ರೆ ಬಿದ್ದ ತಕ್ಕಡಿಯೊಂದನ್ನು ಹೊರಗೆ ಇಟ್ಟು, ಬೇಕೆಂದವರು ತಮ್ಮ ಕಿಟ್ ತಾವೇ ತೂಗಿ ನೋಡಲು ಬಿಡಿ. ಹೆಬ್ಬೆಟ್ಟು ಅಥವಾ ಸಹಿ ಕಿಟ್ ಕೈಗೆ ಬಂದ ಮೇಲೆ, ಅಳತೆ ಬರೆದ ಸಾಲಿನ ಎದುರು. ಖಾಲಿ ಹಾಳೆಗೆ ಮೊದಲೇ ಹೆಬ್ಬೆಟ್ಟು ಹಾಕಿಸಿಕೊಳ್ಳುವ ರೂಢಿ ಎಲ್ಲಿದ್ದರೂ ನಿಲ್ಲಬೇಕು.

ಹಂಚುವ ಜಾಗದಲ್ಲಿ ದೊಡ್ಡ ಅಕ್ಷರದ ಫಲಕ ಇರಲೇಬೇಕು: ಯಾರಿಗೆ, ಏನೇನು, ಎಷ್ಟೆಷ್ಟು, ಯಾವ ದಿನ, ‘ಇದಕ್ಕೆ ಹಣವಿಲ್ಲ, ಯಾವ ಉಪಕಾರವನ್ನೂ ತೀರಿಸಬೇಕಿಲ್ಲ’ ಎಂಬ ಸಾಲು, ದೂರು ಹೇಳುವವರ ಫೋನ್ ನಂಬರು. ಅಕ್ಷರ ಬಾರದವರಿಗೆ ಒಂದು ಮಾದರಿ ಕಿಟ್ ಬಿಚ್ಚಿ ಮೇಜಿನ ಮೇಲೆ ಇಡಿ. ಎಷ್ಟು ಬರಬೇಕೆಂದು ಗೊತ್ತಿಲ್ಲದವರು ಕಡಿಮೆ ಬಂದಿದೆ ಎಂದು ಹೇಗೆ ಕೇಳಿಯಾರು?

ಒಂದು ಮೇಜಿನಲ್ಲಿ ಮನೆಗೆ ಎರಡು ನಿಮಿಷವೆಂದರೆ 180 ಮನೆಗೆ ಆರು ಗಂಟೆ, ಎರಡು ಮೇಜಿಗೆ ಮೂರು. ಗಂಟೆಗೆ 60ರಂತೆ ಹೊತ್ತು ಬರೆದ ಟೋಕನ್ ಕೊಟ್ಟರೆ ಮಳೆಯಲ್ಲಿ ಸಾಲು ನಿಲ್ಲುವುದು ತಪ್ಪುತ್ತದೆ. ಮೀನು ಮಾರುವ ಹೆಂಗಸರು ಬೆಳಿಗ್ಗೆ ಪೇಟೆಯಲ್ಲಿರುತ್ತಾರೆ, ಹಾಗಾಗಿ ಮಧ್ಯಾಹ್ನ ಹನ್ನೆರಡಕ್ಕೆ ಶುರು ಮಾಡಿ ಮೂರಕ್ಕೆ ಮುಗಿಸಿ. ಕತ್ತಲಾದ ಮೇಲೆ 19 ಕಿಲೊ ಹೊತ್ತು ಒಬ್ಬಳೇ ಹೋಗುವ ಸ್ಥಿತಿ ಯಾರಿಗೂ ಬರಬಾರದು. ಕಿಟ್ಟನ್ನು ಎರಡು ಚೀಲ ಮಾಡಿ, ಮುದುಕರ ಮನೆಗೆ ನೀವೇ ಮುಟ್ಟಿಸಿ.

ಪ್ರಶ್ನೆ: ಶಾಲೆಯಲ್ಲಿ ತೆರೆದ ಕಾಳಜಿ ಕೇಂದ್ರದ ಬಾಗಿಲಲ್ಲಿ ದೂರು ಪೆಟ್ಟಿಗೆ ಇಟ್ಟಿದ್ದೆವು. ಹತ್ತು ದಿನ ಒಂದು ಚೀಟಿಯೂ ಬೀಳಲಿಲ್ಲ. ಎಲ್ಲವೂ ಸರಿಯಿತ್ತೆಂದೇ ತಿಳಿಯಬೇಕೆ?
— ಸ್ವಯಂಸೇವಕ, ಅಂಕೋಲಾ

ಉತ್ತರ: ಅಲ್ಲ. ಖಾಲಿ ಪೆಟ್ಟಿಗೆಯನ್ನು ಅನುಮಾನದಿಂದಲೇ ನೋಡಿ. ಬಾಗಿಲಲ್ಲೇ ಇದ್ದರೆ ಚೀಟಿ ಹಾಕುವವರನ್ನು ಊಟ ಬಡಿಸುವವರೇ ನೋಡುತ್ತಾರೆ. ಬರೆಯಲು ಬಾರದವರು ಎಷ್ಟೋ ಮಂದಿ. ಹೇಳಿದರೆ ನಾಳೆಯ ಊಟಕ್ಕೇ ಕುತ್ತು ಬಂದೀತೆಂಬ ಅಂಜಿಕೆ ಇವೆಲ್ಲಕ್ಕಿಂತ ದೊಡ್ಡದು.

ಪೆಟ್ಟಿಗೆ ಹೆಂಗಸರ ಸ್ನಾನದ ಮನೆಯ ದಾರಿಯಲ್ಲೊಂದು, ಗಂಡಸರ ಕಡೆಗೊಂದು ಇರಲಿ. ಎರಡು ಬೀಗ ಹಾಕಿ, ಒಂದು ಕೀಲಿ ಕೇಂದ್ರದಲ್ಲಿರುವವರ ಪ್ರತಿನಿಧಿಗೆ ಕೊಡಿ. ಎರಡು ದಿನಕ್ಕೊಮ್ಮೆ ಇಬ್ಬರೂ ಸೇರಿ ತೆರೆಯಿರಿ. ಪೆಟ್ಟಿಗೆಯನ್ನೇ ನಂಬಿ ಕೂರಬೇಡಿ. ಸಂಜೆ ಒಂದು ತಾಸು ಹೆಂಗಸೊಬ್ಬರು ಮೂಲೆಯಲ್ಲಿ ಕುರ್ಚಿ ಹಾಕಿ ಕೂತರೆ ಚೀಟಿಯಲ್ಲಿ ಬಾರದ ಮಾತು ಬಾಯಲ್ಲಿ ಬರುತ್ತದೆ. ಅವರು ಬಡಿಸುವ ತಂಡದವರಾಗಿರಬಾರದು.

ದೂರಿಗೊಂದು ನಂಬರು, ತಾರೀಕು, ಏನು ಮಾಡಿದಿರಿ, ಹೇಳಿದವರಿಗೆ ಯಾವಾಗ ತಿಳಿಸಿದಿರಿ, ಇಷ್ಟೇ ರಿಜಿಸ್ಟರು. ‘ಅನ್ನ ಅರೆಬೆಂದಿದೆ’ ಎಂಬಂಥದ್ದಕ್ಕೆ ಅದೇ ದಿನ ಉತ್ತರ. ಪಟ್ಟಿಯ ದೂರಿಗೆ ಮೂರು ದಿನ. ಆಗದಿದ್ದರೆ ಆಗದು ಎನ್ನಿ, ಕಾರಣ ಹೇಳಿ. ಮೊದಲ ಮೂರು ದೂರಿಗೆ ಉತ್ತರ ಬಂದದ್ದು ಕಂಡರೆ ನಾಲ್ಕನೆಯದು ತಾನಾಗಿ ಬರುತ್ತದೆ.

ಕಿಟ್ ಕೊಟ್ಟ ಹತ್ತು ದಿನಕ್ಕೆ ಪಟ್ಟಿಯ ಪ್ರತಿ ಹತ್ತನೆಯ ಮನೆಗೆ ಹೋಗಿ: ಎಷ್ಟು ಬಂತು, ಎಷ್ಟು ಹೊತ್ತು ಕಾದಿರಿ, ಯಾರಾದರೂ ಹಣ ಕೇಳಿದ್ದುಂಟೆ? ಊರ ಹಿರಿಯರು ತೋರಿಸುವ ಮನೆಗಳಿಗೆ ಮಾತ್ರ ಹೋಗಬೇಡಿ. ಪಟ್ಟಿಯಲ್ಲಿಲ್ಲದ ಐದಾರು ಮನೆಗೂ ಹೋಗಲೇಬೇಕು, ಏಕೆಂದರೆ ತಪ್ಪು ಅಲ್ಲಿಯೇ ಕಾಣುವುದು.

ಪ್ರಶ್ನೆ: ನಮ್ಮ ತಂಡದ ಹುಡುಗನೊಬ್ಬ ಕಿಟ್ ಪಟ್ಟಿಯಲ್ಲಿದ್ದ ಹೆಣ್ಣುಮಗಳೊಬ್ಬಳಿಗೆ ರಾತ್ರಿ ಫೋನ್ ಮಾಡಿ ‘ಬಂದು ಸಿಕ್ಕರೆ ಎರಡು ಕಿಟ್’ ಎಂದನಂತೆ. ಆಕೆ ನಮ್ಮಲ್ಲಿ ಒಬ್ಬರಿಗಷ್ಟೇ ಹೇಳಿದ್ದಾಳೆ. ಹುಡುಗನನ್ನು ಕರೆಸಿ ಎದುರುಬದುರು ಕೂರಿಸಿ ಕೇಳೋಣವೆ?
— ಹೆಸರು ಬೇಡ, ಕುಮಟಾ

ಉತ್ತರ: ಖಂಡಿತ ಬೇಡ. ಎದುರುಬದುರು ಕೂರಿಸಿದರೆ ಆಕೆಯ ಹೆಸರು ಸಂಜೆಯೊಳಗೆ ಊರೆಲ್ಲ ಹಬ್ಬುತ್ತದೆ. ವಿಚಾರಣೆ ನಿಮ್ಮ ಕೆಲಸವಲ್ಲ. ನೀವು ಮಾಡಬೇಕಾದದ್ದು ಇಷ್ಟು: ಆ ಹುಡುಗನನ್ನು ಇವತ್ತೇ ಪಟ್ಟಿ, ಫೋನ್ ನಂಬರು, ಹಂಚಿಕೆ ಮೂರರಿಂದಲೂ ದೂರ ಇಡಿ, ಕಾರಣ ಆಕೆಯ ಕಡೆ ಬೆರಳು ತೋರಿಸದಂತೆ. ಆಕೆಯ ಕಿಟ್ ಒಂದು ದಿನವೂ ತಪ್ಪಬಾರದು. ಆಕೆ ಹೇಳಿದ್ದನ್ನು ಆಕೆಯ ಮಾತಲ್ಲೇ ಬರೆದು, 24 ಗಂಟೆಯೊಳಗೆ ನಿಮ್ಮ ಸಂಸ್ಥೆಯ ಒಬ್ಬ ಜವಾಬ್ದಾರರಿಗೆ ಮಾತ್ರ ಮುಟ್ಟಿಸಿ. ವಾಟ್ಸಾಪ್ ಗುಂಪಿಗೆ ಅಲ್ಲ. ಮಹಿಳಾ ಸಹಾಯವಾಣಿ 181, ತುರ್ತಿಗೆ 112 ಇವೆಯೆಂದು ತಿಳಿಸಿ. ಪೊಲೀಸರಿಗೆ ಹೋಗುವುದೋ ಬೇಡವೋ ಎಂಬ ನಿರ್ಧಾರ ವಯಸ್ಕಳಾದ ಆಕೆಯದು. ಹದಿನೆಂಟು ತುಂಬದವಳಾದರೆ ಆಯ್ಕೆಯಿಲ್ಲ: 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ಪೊಲೀಸರಿಗೆ ಹೇಳಲೇಬೇಕು, ಹೇಳದಿರುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098.

‘ಅವಳೇ ಒಪ್ಪಿದ್ದಳು’ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಅಕ್ಕಿ ಯಾರ ಕೈಯಲ್ಲಿದೆಯೋ ಅವರ ಎದುರು ಹಸಿದವರ ಒಪ್ಪಿಗೆಗೆ ಅರ್ಥವಿಲ್ಲ. ಆಹಾರಕ್ಕೆ, ಹಣಕ್ಕೆ ಪ್ರತಿಯಾಗಿ ಲೈಂಗಿಕ ಸಂಬಂಧ ಕೇಳುವುದನ್ನು ವಿಶ್ವಸಂಸ್ಥೆ 2003ರಲ್ಲೇ ತನ್ನ ಸಿಬ್ಬಂದಿಗೆ ನಿಷೇಧಿಸಿದೆ. ಮುಂದಿನ ಸಲ ತಂಡಕ್ಕೆ ಸೇರುವ ಪ್ರತಿಯೊಬ್ಬರೂ ಇದನ್ನು ಓದಿ ಸಹಿ ಮಾಡಲಿ. ಫೋನ್ ನಂಬರಿನ ಪಟ್ಟಿ ಒಬ್ಬರ ಬಳಿಯಷ್ಟೇ ಇರಲಿ.

ಪ್ರಶ್ನೆ: ಮುಂಬೈಯಲ್ಲಿರುವ ನಮ್ಮೂರಿನ ದಾನಿಗಳು ಪ್ರತಿ ಕಿಟ್‌ಗೂ ಫೋಟೊ ಮತ್ತು ಆಧಾರ್ ಪ್ರತಿ ಕೇಳುತ್ತಿದ್ದಾರೆ. ಲೆಕ್ಕ ಕೊಡುವುದು ನಮ್ಮ ಧರ್ಮವಲ್ಲವೆ?
— ಯುವಕ ಮಂಡಳ, ಹೊನ್ನಾವರ

ಉತ್ತರ: ಲೆಕ್ಕ ಕೊಡಿ, ಮುಖ ಕೊಡಬೇಡಿ. ಖರೀದಿ ಬಿಲ್ಲು, ಚೀಲದ ಎಣಿಕೆ, ಸಹಿಯ ರಿಜಿಸ್ಟರಿನಲ್ಲಿ ಹೆಸರು ಮುಚ್ಚಿದ ಪ್ರತಿ, ಉಳಿದ ದಾಸ್ತಾನು, ಇವು ಫೋಟೊಕ್ಕಿಂತ ಗಟ್ಟಿ ಸಾಕ್ಷಿ. ಫೋಟೊ ಬೇಕೇ ಬೇಕೆಂದರೆ ಕಿಟ್ ಕೊಟ್ಟು ಮುಗಿದ ಮೇಲೆ ಕೇಳಿ. ಕೊಡುವ ಮೊದಲು ಕೇಳಿದರೆ ಬೇಡವೆನ್ನುವ ಧೈರ್ಯ ಯಾರಿಗೂ ಇರದು. ಆಧಾರ್ ಪ್ರತಿ ಬೇಡ. ಗುರುತು ನೋಡಲೇಬೇಕಿದ್ದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಸುಕಿದ ಆಧಾರ್ ಸಾಕು. ಅಂದಹಾಗೆ, ಮೊದಲ ಲೆಕ್ಕ ಹೋಗಬೇಕಾದ್ದು ಮುಂಬೈಗಲ್ಲ, ಕಿಟ್ ಪಡೆದ ಊರಿಗೆ: ಎಷ್ಟು ಬಂತು, ಎಷ್ಟು ಹಂಚಿದೆವು ಎಂದು ಅದೇ ಫಲಕದ ಮೇಲೆ.

ಪ್ರಶ್ನೆ: ಎರಡು ಚಿಕ್ಕ ಪ್ರಶ್ನೆ. ಬಂದರಿನಲ್ಲಿ ಬೋಟ್ ಕೆಲಸದ ಒಡಿಶಾ, ಜಾರ್ಖಂಡ್ ಹುಡುಗರಿಗೂ ಕಿಟ್ ಕೊಡಬೇಕೆ? ದಾನಿಗಳು ಶಿಶುಗಳ ಹಾಲಿನಪುಡಿ ಡಬ್ಬಿ ಕಳಿಸಿದ್ದಾರೆ, ಹಂಚಬಹುದೆ?
— ಬೈತಖೋಲ ಬಂದರಿನ ಓದುಗರು

ಉತ್ತರ: ಮೊದಲನೆಯದಕ್ಕೆ, ಹೌದು. ವಿಪತ್ತು ನಿರ್ವಹಣಾ ಕಾಯ್ದೆ 2005ರ 61ನೇ ಕಲಮು ಪರಿಹಾರದಲ್ಲಿ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮದ ಭೇದ ಮಾಡಬಾರದೆನ್ನುತ್ತದೆ. ಊರು ಯಾವುದೆಂದು ನೋಡುವ ಮಾತು ಹಸಿವಿಗಂತೂ ಇಲ್ಲ. ಬೋಟಿನಲ್ಲಿ ಒಲೆ ಇಲ್ಲದವರಿಗೆ ಹಸಿ ಅಕ್ಕಿಗಿಂತ ಬೇಯಿಸಿದ ಊಟ ಮೇಲು, ಫಲಕದಲ್ಲಿ ಹಿಂದಿಯ ನಾಲ್ಕು ಸಾಲೂ ಇರಲಿ.

ಎರಡನೆಯದಕ್ಕೆ, ಇಲ್ಲ. 1992ರ ಕಾಯ್ದೆ ಶಿಶುಗಳ ಹಾಲಿನಪುಡಿ, ಹಾಲುಣಿಸುವ ಬಾಟಲಿ ಇವನ್ನು ಅನಾಥಾಲಯ ಬಿಟ್ಟು ಬೇರೆಯವರಿಗೆ ದಾನ ಮಾಡುವುದನ್ನು ತಡೆದಿದೆ. ಕಾರಣ ಸರಳ: ನೆರೆಯ ನೀರಲ್ಲಿ ಕಲಸಿ, ಸರಿಯಾಗಿ ಕುದಿಸದ ಬಾಟಲಿಯಲ್ಲಿ ಕೊಟ್ಟರೆ ಕೂಸಿಗೆ ಭೇದಿ ಹಿಡಿಯುತ್ತದೆ, ಅಷ್ಟರಲ್ಲಿ ತಾಯಿಯ ಹಾಲೂ ಕಡಿಮೆಯಾಗುತ್ತದೆ. ಬಾಣಂತಿಗೆ ಒಂದು ಹೊತ್ತಿನ ಊಟ ಹೆಚ್ಚು ಕೊಡಿ, ಕೇಂದ್ರದಲ್ಲಿ ಪರದೆ ಕಟ್ಟಿದ ಮೂಲೆ ಮಾಡಿ. ತಾಯಿಯಿಲ್ಲದ ಕೂಸಿದ್ದರೆ ಡಬ್ಬಿಯನ್ನು ನೀವು ಒಡೆಯದೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಬಳಿ ಕಳಿಸಿ.